ಕಲ್ಲಮ್ಮನ ಕೈಗುಣ

ಜಗಳೂರಿನ ಶೇಂಗಾ ವ್ಯಾಪಾರಿ ಮಹೇಶ್ವರಪ್ಪನ ಮನೆಯಲ್ಲಿ ಚಳಿಗಾಲ ಬಂತೆಂದರೆ ಮೊದಲು ಬೆಚ್ಚಗಾಗುತ್ತಿದ್ದದ್ದು ಮನುಷ್ಯರಲ್ಲ, ಎರಡು ಆಮೆಗಳು. ಮನುಷ್ಯರಿಗೆ ಕಂಬಳಿ ಇತ್ತಲ್ಲ, ಸಾಕು. ಆಮೆಗಳಿಗೆ ಬಚ್ಚಲಮನೆಗೆ ಹೊಂದಿಕೊಂಡ ಕೋಣೆ, ಅದರೊಳಗೆ ಇಟ್ಟಿಗೆ ಕಟ್ಟಿದ ಪುಟ್ಟ ದೊಡ್ಡಿ, ಮರಳಿನ ಹಾಸಿಗೆ, ಹಗಲೂ ರಾತ್ರಿ ಕೆಂಡದ ಕಾವು. ಆ ಕೆಂಡಕ್ಕೊಬ್ಬಳು ಆಳು, ಮಹೇಶ್ವರಪ್ಪನ ಅಕ್ಕ ಕಲ್ಲಮ್ಮ. ಆಳು ಎಂದು ಯಾರೂ ಬಾಯಿಬಿಟ್ಟು ಅನ್ನುತ್ತಿರಲಿಲ್ಲ. ಅಷ್ಟರಮಟ್ಟಿನ ಮರ್ಯಾದೆ ಆ ಮನೆಯಲ್ಲಿತ್ತು.

ಗಂಡ ತೀರಿಕೊಂಡ ಮೇಲೆ ಮಗಳು ಪ್ರೇಮಾಳ ಕೈಹಿಡಿದುಕೊಂಡು ತಮ್ಮನ ಮನೆ ಸೇರಿದವಳು ಅವಳು. ಸಾವಿರದ ಒಂಬೈನೂರ ಎಪ್ಪತ್ಮೂರೋ ಎಪ್ಪತ್ನಾಲ್ಕೋ ಇಸವಿ ಇರಬೇಕು. ಆ ವರ್ಷವೇ ಗಾಡಿ ಹೊಡೆಯುವ ಲಾಲ್‌ಸಾಬ್ ಹೊಲದ ಬದುವಿನಲ್ಲಿ ಸಿಕ್ಕಿದವೆಂದು, ಬೆನ್ನ ತುಂಬ ಹಳದಿ ಗೆರೆಗಳ ಮೂರು ಆಮೆ ತಂದುಕೊಟ್ಟ. ಆ ವರ್ಷವೇ ಅಂಗಡಿಯೂ ಕೈಹಿಡಿಯಿತು. ತಗೊಳ್ಳಿ, ಮಹೇಶ್ವರಪ್ಪನಿಗೆ ಆಮೆಗಳೇ ಲಕ್ಷ್ಮಿಯಾಗಿಬಿಟ್ಟವು. ಆಮೆ ಎಂದ ಮೇಲೆ ನೀರು ಬೇಡವೇ? ಹಿತ್ತಿಲ ಕಲ್ಲುತೊಟ್ಟಿಗೆ ನೀರು ತುಂಬಿಸಿ ಒಂದನ್ನು ತಾನೇ ಭಕ್ತಿಯಿಂದ ಒಳಗೆ ಬಿಟ್ಟ. ಒಣನೆಲದ ಪ್ರಾಣಿ, ಈಜು ಎಲ್ಲಿಂದ ಬರಬೇಕು? ಮುಳುಗಿ ಸತ್ತಿತು. ಉಳಿದೆರಡು ಬದುಕಿದವು. ಆದರೆ ಚಳಿ ಶುರುವಾದದ್ದೇ ತಲೆ ಒಳಗೆಳೆದುಕೊಂಡು, ಸೊಪ್ಪು ಮುಟ್ಟದೆ ಕೂತವು. ಮಹೇಶ್ವರಪ್ಪನೂ ಊಟ ಬಿಟ್ಟ.

ಆಗ ಕೈಹಾಕಿದವಳು ಕಲ್ಲಮ್ಮ. ದೊಡ್ಡಿಯ ಒಂದು ಮೂಲೆಯಲ್ಲಿ ಇಟ್ಟಿಗೆಯ ಮೇಲೆ ಕಡಪ ಕಲ್ಲು ಕೂರಿಸಿ, ಅದರಡಿಗೆ ಕಬ್ಬಿಣದ ಬಾಣಲೆಯಲ್ಲಿ ಸಗಣಿ ಕುಳ್ಳಿನ ಕೆಂಡ ಇಟ್ಟು, ಮೇಲೆ ಬೂದಿ ಮುಚ್ಚಿದಳು. ಬೂದಿ ಹೆಚ್ಚಾದರೆ ಕಲ್ಲು ತಣ್ಣಗೆ, ಕಡಿಮೆಯಾದರೆ ಸುಡುತ್ತದೆ. ಕೂಸಿಗೆ ಎರೆಯುವ ನೀರನ್ನು ಮೊಣಕೈ ಅದ್ದಿ ನೋಡುತ್ತಾರಲ್ಲ, ಹಾಗೆ ಕಲ್ಲಿಗೆ ಮೊಣಕೈ ಒತ್ತಿ ನೋಡುತ್ತಿದ್ದಳು. ದೊಡ್ಡಿಯ ಇನ್ನೊಂದು ಬದಿಯನ್ನು ತಣ್ಣಗೇ ಬಿಟ್ಟಿದ್ದಳು, ಸೆಕೆಯಾದರೆ ಅವೇ ಅತ್ತ ಸರಿಯಲಿ ಎಂದು. ವಿದ್ಯೆ ಇಷ್ಟೇ. ಎರಡೇ ದಿನಕ್ಕೆ ಆಮೆಗಳು ತಲೆ ಹೊರಗೆ ಹಾಕಿ ಸೌತೆಕಾಯಿ ಕಚ್ಚಿದವು.

"ಅಕ್ಕನ ಕೈಗುಣ," ಎಂದ ಮಹೇಶ್ವರಪ್ಪ ಕಣ್ಣು ಒದ್ದೆ ಮಾಡಿಕೊಂಡು.

ಕೈಗುಣವಲ್ಲ, ಮೊಣಕೈ ಎಂದು ಅವತ್ತೇ ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದರೆ ಯಾರು ಬೇಕಾದರೂ ಮಾಡುತ್ತಾರೆ, ಯಾರು ಬೇಕಾದರೂ ಮಾಡಿದ ಮೇಲೆ ಗಂಡ ಸತ್ತ ಅಕ್ಕ ಯಾಕೆ ಬೇಕು? ಅವಳ ಜೊತೆ ಮಗಳ ಅನ್ನವೂ ಆ ಮನೆಯಲ್ಲಿತ್ತು. ಅದಕ್ಕೇ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು, ಮಂತ್ರದ ಹಾಗೆ ಏನೋ ಗೊಣಗುತ್ತ ಕೆಂಡ ಹಾಕುತ್ತಿದ್ದಳು. ಸೊಪ್ಪಿನ ಹೆಸರು, ಸೊಸೈಟಿ ಸೀಮೆಎಣ್ಣೆಯ ಚಿಂತೆ, ಬಾಯಿಗೆ ಬಂದದ್ದು.

ಅನ್ನ ಗಟ್ಟಿಯಾಯಿತು, ಕಾಲಿಗೆ ಹಗ್ಗವೂ ಬಿತ್ತು. ಪ್ರೇಮಾಳನ್ನು ಹೊನ್ನಾಳಿ ಕಡೆಯ ಸಾಸ್ವೆಹಳ್ಳಿಗೆ ಕೊಟ್ಟು ಮದುವೆ ಮಾಡಿದಾಗ, ಮಾಘದ ಚಳಿ ಎಂದು ಅಕ್ಷತೆ ಬಿದ್ದ ಸಂಜೆಯೇ ಕಲ್ಲಮ್ಮನನ್ನು ಬಸ್ಸು ಹತ್ತಿಸಿದರು. ಮಗಳು ಅಳುತ್ತಿದ್ದಳು, ತಾಯಿ ಆಮೆಗಾಗಿ ಓಡಿಬಂದಳು. ಅತ್ತ ಅವಳ ತಮ್ಮನ ಹೆಂಡತಿ ಸರ್ವಮಂಗಳಮ್ಮ ಮಾತ್ರ ದೀಪಾವಳಿ ಮುಗಿದದ್ದೇ ನ್ಯಾಮತಿಯ ತೌರಿಗೆ ಹೊರಟರೆ ಸಂಕ್ರಾಂತಿಗೇ ಬರುವುದು. ಅಲ್ಲಿ ಅವಳ ತಾಯಿ ಹಾಸಿಗೆ ಹಿಡಿದಿದ್ದಳು, ನೋಡಿಕೊಳ್ಳಲು ಮನೆಯವರು ಇನ್ನೊಬ್ಬರಿರಲಿಲ್ಲ, ಉಳಿದ ದಿನ ನೆರೆಮನೆಯವರೇ ಗತಿ. ಕಲ್ಲಮ್ಮನಿಗೆ ಒಳಗೊಳಗೇ ಹೊಟ್ಟೆ ಉರಿಯುತ್ತಿತ್ತು.

ಎಂಬತ್ತೊಂದರಲ್ಲಿ ಪ್ರೇಮಾ ಬಸುರಿಯಾದಳು. ಚೊಚ್ಚಲ ಹೆರಿಗೆ, ದೀಪಾವಳಿಯ ಆಸುಪಾಸಿಗೆ. ಕಾಲು ಬಾತಿವೆ, ಬಸ್ಸು ಹತ್ತಬೇಡ ಎಂದು ನರ್ಸಮ್ಮ ಹೇಳಿದ್ದರು. ಅತ್ತೆ ಇಲ್ಲದ ಮನೆ. ತಾಯಿ ಹೋಗದಿದ್ದರೆ ಬಾಣಂತನ ಮಾಡುವವರೇ ಇಲ್ಲ.

"ಹೋಗಬ್ಯಾಡ ಅಂತ ನಾನೆಲ್ಲಿ ಅಂದೆ? ಬ್ಯಾಸಿಗಿಗೆ ಹೋಗು," ಎಂದ ಮಹೇಶ್ವರಪ್ಪ.

"ಬ್ಯಾಸಿಗಿ ತನಕ ಹೆರಬ್ಯಾಡ ಅಂತ ಹೇಳಿ ಕಳಿಸ್ಲೇನು?"

"ನೀನಿಲ್ದೆ ಅವು ಉಳಿಯಾಕಿಲ್ಲಕ್ಕಾ. ಕೆಂಡ ಯಾರ್ ಬೇಕಾದ್ರೂ ಹಾಕ್ತಾರೆ, ಕೈಗುಣ ಎಲ್ಲಿಂದ ತರಾಕಾಗ್ತೈತೆ?"

ತಾನೇ ಬೆಳೆಯಬಿಟ್ಟ ಮಾತು, ತನ್ನ ಬಾಗಿಲಿಗೇ ಅಗುಳಿ ಹಾಕಿತ್ತು. ಕಲ್ಲಮ್ಮ ಹಿತ್ತಿಲಿಗೆ ಹೋಗಿ ಅತ್ತಳು. ಅತ್ತು ಮುಗಿದ ಮೇಲೆ ಸರ್ವಮಂಗಳಮ್ಮನನ್ನು ಆಮೆಯ ಕೋಣೆಗೆ ಕರೆದು ಬಾಗಿಲು ಮುಚ್ಚಿದಳು.

"ಮಂಗಳಾ, ಇದ್ರಾಗೆ ಕೈಗುಣ ಗಿಯಿಗುಣ ಏನಿಲ್ಲ. ಮೊದ್ಲು ಬೂದಿ..."

"ಬೂದಿ ತೆಳ್ಳಗೆ, ಆಮೇಲೆ ಮೊಣಕೈ," ಎಂದಳು ಸರ್ವಮಂಗಳಮ್ಮ. "ಗೊತ್ತು ಬಿಡಕ್ಕಾ. ನೀನು ಬಾಗ್ಲು ಹಾಕ್ಕಂಡ ಮೊದಲ್ನೇ ವರ್ಷವೇ ಸಂದಿಯಾಗೆ ನೋಡೀನಿ."

ಹೆತ್ತವರಿಗಷ್ಟೇ ಹೊಳೆಯುವ ವಿದ್ಯೆ, ಮಕ್ಕಳಿಲ್ಲದ ಇವಳಿಗೆಲ್ಲಿ ತಿಳಿದೀತು ಎಂದುಕೊಂಡಿದ್ದಳು ಕಲ್ಲಮ್ಮ. ಆ ಯೋಚನೆ ಮುಖದಲ್ಲಿ ಕಂಡಿರಬೇಕು.

"ಮಕ್ಕಳಿಲ್ಲ ಅಂದ್ರೆ ಮೊಣಕೈನೂ ಇರಾಕಿಲ್ಲೇನು?"

"ಮತ್ತೆ ಇಷ್ಟು ವರ್ಷ ಯಾಕೆ ಸುಮ್ನಿದ್ದೆ?"

"ನಂಗೂ ಬರ್ತೈತೆ ಅಂತ ಗೊತ್ತಾದ್ರೆ ಅವರು ನನ್ನ ನ್ಯಾಮತಿಗೆ ಬಿಡ್ತಾರೇನು?"

ಒಂದೇ ಕೆಂಡಕ್ಕೆ ಹೆದರಿ ಇಬ್ಬರು ಹೆಂಗಸರು ಒಬ್ಬರಿಗೊಬ್ಬರು ಸುಳ್ಳಾಡುತ್ತ ಇಷ್ಟು ವರ್ಷ ಕಳೆದಿದ್ದರು. ಒಬ್ಬಳು ಹೊರಗೆ ಹೋಗಬೇಕಾದರೆ ಇನ್ನೊಬ್ಬಳು ಒಳಗಿರಬೇಕು. ಈ ಸಲ ನೀನು ಒಳಗಿರು ಎಂದು ಕೇಳುವ ಬಾಯಿ ಕಲ್ಲಮ್ಮನಿಗೆ ಬರಲಿಲ್ಲ.

ರಾತ್ರಿ ಊಟಕ್ಕೆ ಬಡಿಸುತ್ತ ಸರ್ವಮಂಗಳಮ್ಮನೇ ಗಂಡನಿಗೆ ಹೇಳಿದಳು. "ನೋಡ್ರಿ, ಹೋದ ವರ್ಷ ಸಂಕ್ರಾಂತಿ ಕಳೆದ ಮ್ಯಾಲೆ ಅಕ್ಕ ಜ್ವರ ಬಂದು ಮಲಗಿತ್ತಲ್ಲ, ಆಗ ಜ್ವರದ ಮಬ್ಬಿನಾಗಿದ್ದ ಅಕ್ಕಗೂ ಗೊತ್ತಾಗದಂಗೆ ಕೆಂಡ ಹಾಕಿದ್ದು ನಾನೇ. ಆಮೆ ಏನೂ ಸಾಯ್ಲಿಲ್ಲ. ಅಕ್ಕ ಬಾಣಂತನಕ್ಕೆ ಹೋಗ್ಲಿ."

ಮಹೇಶ್ವರಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಹೆಂಡತಿಯ ಕೈಯನ್ನೇ ನೋಡಿದ. "ಹಂಗಾದ್ರೆ ಈ ಸಲ ನ್ಯಾಮತಿ ಇಲ್ಲ," ಎಂದ. ರೊಟ್ಟಿಗೆ ಇನ್ನಷ್ಟು ಪಲ್ಯ ಹಾಕಿಸಿಕೊಂಡ.

ಬಸ್‌ಸ್ಟ್ಯಾಂಡಿಗೆ ಹೊರಟಾಗ ಸರ್ವಮಂಗಳಮ್ಮ ಒಂದೇ ಮಾತು ಕೇಳಿದ್ದು. "ಹೊನ್ನಾಳಿಯಿಂದ ನ್ಯಾಮತಿ ಹತ್ರ. ಒಂದ್ಸಲ ಅವ್ವನ ಮಕ ನೋಡ್ಕಂಡು ಬಾ."

ಪ್ರೇಮಾ ಗಂಡು ಹೆತ್ತಳು. ಕೂಸಿಗೆ ಎರೆಯುವ ನೀರಿಗೆ ಮೊಣಕೈ ಅದ್ದಿದಾಗಲೆಲ್ಲ ಕಲ್ಲಮ್ಮನಿಗೆ ಜಗಳೂರಿನ ಕೋಣೆ ನೆನಪಾಗಿ ಸಂಕಟವಾಗುತ್ತಿತ್ತು. ಬಾಣಂತಿ ಎದ್ದು ಓಡಾಡುವಂತಾದ ಮೇಲೆ ನ್ಯಾಮತಿಗೆ ಹೋದಳು. ಮುದುಕಿಗೆ ಕಣ್ಣು ಪೂರಾ ಮಂಜಾಗಿತ್ತು. ಬಂದವಳ ಕೈಯನ್ನು ತಡವಿ ಎದೆಗೊತ್ತಿಕೊಂಡು, "ಬಂದ್ಯಾ ಮಂಗಳಾ? ಯಾಕೆ ತಡ ಮಾಡ್ದೆ?" ಎಂದಳು. ಅಲ್ಲ ಎನ್ನಲು ಕಲ್ಲಮ್ಮನಿಗೆ ಆಗಲಿಲ್ಲ. "ಹ್ಞೂಂ ಅವ್ವಾ, ಬಂದೆ," ಎಂದು ಕೈಬಿಡಿಸಿಕೊಳ್ಳದೆ ಬಹಳ ಹೊತ್ತು ಕೂತಿದ್ದಳು.

ಅದೇ ವಾರ ಮುದುಕಿ ಹೋದಳು. ಸುದ್ದಿ ಸಾಸ್ವೆಹಳ್ಳಿಗೆ ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು. ಸರ್ವಮಂಗಳಮ್ಮ ಬೆಳಗಿನ ಬಸ್ಸಿಗೆ ಹೋಗಿ, ತಾಯಿಯ ಮೇಲೆ ಮೂರು ಹಿಡಿ ಮಣ್ಣು ಹಾಕಿ, ಸಂಜೆ ಕೆಂಡದ ಹೊತ್ತಿಗೆ ಜಗಳೂರು ಸೇರಿದ್ದಳಂತೆ.

ಸಂಕ್ರಾಂತಿಗೆ ಕಲ್ಲಮ್ಮ ಮರಳಿದಾಗ ಸರ್ವಮಂಗಳಮ್ಮ ಆಮೆಯ ಕೋಣೆಯಲ್ಲೇ ಇದ್ದಳು. ಆಮೆಗಳು ಗಟ್ಟಿಮುಟ್ಟಾಗಿ ಸೊಪ್ಪು ಮೇಯುತ್ತಿದ್ದವು.

"ಅವ್ವ ನನ್ನ ಕೇಳಿದ್ಲೇನಕ್ಕಾ?"

"ಇಲ್ಲ," ಎಂದಳು ಕಲ್ಲಮ್ಮ. "ನನ್ನ ಕೈ ಹಿಡ್ಕಂಡು ನೀನೇ ಬಂದೀಯ ಅಂದ್ಕಂಡ್ಲು. ನಾನು ಅಲ್ಲ ಅನ್ಲಿಲ್ಲ."

ಸರ್ವಮಂಗಳಮ್ಮ ಕಲ್ಲಮ್ಮನ ಕೈಯನ್ನು ತೆಗೆದುಕೊಂಡು ತನ್ನ ಕೆನ್ನೆಗೆ ಒತ್ತಿಕೊಂಡಳು. ಆಗ ಅತ್ತಳು, ತಿಂಗಳಿಂದ ತಡೆದದ್ದನ್ನೆಲ್ಲ ಅತ್ತಳು. ಅವಳು ಸುಮ್ಮನಾದ ಮೇಲೆ ಕಲ್ಲಮ್ಮ ಕೆಂಡದ ಬಾಣಲೆಗೆ ಕೈಚಾಚಿದಳು.

"ಇತ್ತ ಕೊಡು. ನಿಂದು ಸಾಕು."

ಸರ್ವಮಂಗಳಮ್ಮ ಕೊಡಲಿಲ್ಲ. ಬೂದಿ ಸರಿಸಿ, ಬಾಣಲೆಯನ್ನು ಕಲ್ಲಿನಡಿಗೆ ತಳ್ಳಿ, ಮೊಣಕೈ ಒತ್ತಿ ನೋಡಿದಳು.

"ನೀನು ಮೊಮ್ಮಗನ್ನ ನೋಡಾಕೆ ಹೋಗಿ ಬಾರಕ್ಕಾ," ಎಂದಳು. "ಇನ್ನು ನಂಗೆ ಹೋಗಾಕೆ ಯಾವ ಊರೈತೆ?"