ಇಲ್ಲದ ಎರಡನೇ ಭಾಗವನ್ನು ಓದಿದ್ದು

ಆಗ ಬನಹಟ್ಟಿಯ ನಮ್ಮ ಓಣಿಯಲ್ಲಿ ಓದಲು ಬರುತ್ತಿದ್ದ ಹೆಂಗಸು ನಾನೊಬ್ಬಳೇ. ಕಲಿತದ್ದು ನಾಲ್ಕನೇ ಇಯತ್ತೆಯವರೆಗೆ ಮಾತ್ರ, ಆದರೆ ಹಾಳೂರಿಗೆ ಉಳಿದವನೇ ಗೌಡ. ಮಗ್ಗದ ಮನೆಯಲ್ಲಿ ಉಳಿದವರು ನೂಲು ಸುತ್ತುತ್ತಿದ್ದರೆ ನನ್ನ ಪಾಲಿನ ಕೆಲಸ ಗಟ್ಟಿಯಾಗಿ ಓದುವುದು.

ನನ್ನನ್ನು ಮುಧೋಳ ಸಂಸ್ಥಾನದ ಒಂದು ಹಳ್ಳಿಗೆ ಕೊಟ್ಟಿದ್ದರು. ಮದುವೆಯಾದ ಎರಡನೇ ವರ್ಷ ಸಿಡುಬು ಎದ್ದಿತು. ಜೀವ ಉಳಿಯಿತು, ಮುಖದ ತುಂಬ ಕುಳಿ ಬಿದ್ದವು. ಆರಾಮಾಗುವವರೆಗೆ ತವರಿನಲ್ಲಿರಲಿ ಎಂದು ಗಂಡನ ಮನೆಯವರು ತಂದು ಬಿಟ್ಟು ಹೋದರು. ನಾನು ಎದ್ದು ಓಡಾಡಿ ವರ್ಷವಾದರೂ ಯಾರೂ ಈ ಕಡೆ ಹಾಯಲಿಲ್ಲ. ಕನ್ನಡಿಯನ್ನು ನಾನೇ ಗೋಡೆಯ ಕಡೆ ತಿರುಗಿಸಿ ಇಟ್ಟಿದ್ದೆ.

ಜಮಖಂಡಿಗೆ ಸೀರೆ ಮುಟ್ಟಿಸಲು ಹೋದ ಅಪ್ಪ ಬರುವಾಗ ಒಂದು ಕಾದಂಬರಿ ತಂದ. ರಾಜಕುಮಾರಿಯೊಬ್ಬಳು ಗಂಧರ್ವನನ್ನು ಮೆಚ್ಚುತ್ತಾಳೆ. ಯಾರದೋ ಶಾಪಕ್ಕೆ ಅವಳ ಮುಖ ಕಲ್ಲಾಗುತ್ತದೆ. "ಮುಖ ಮರಳಿದ ದಿನ ಬರುತ್ತೇನೆ" ಎಂದು ಹೇಳಿ ಗಂಧರ್ವ ಅವಳನ್ನು ಹೊಳೆಯ ದಂಡೆಯ ಮೇಲೆ ಬಿಟ್ಟು ಹಾರಿಹೋಗುತ್ತಾನೆ. ಅಲ್ಲಿಗೆ, "ಮೊದಲನೆಯ ಭಾಗ ಮುಗಿಯಿತು" ಎಂದು ಅಚ್ಚು ಹಾಕಿದ್ದರು. ಮಗ್ಗದ ಮನೆಯಲ್ಲಿ ಗದ್ದಲವೋ ಗದ್ದಲ. ನನ್ನ ಸೋದರತ್ತೆಯಂತೂ ನಾನೇ ಗಂಧರ್ವನನ್ನು ಓಡಿಸಿದವಳೆಂಬಂತೆ ಬೈದಳು.

"ಹಿಂಗ ನಡುವ ಕೈ ಬಿಡ್ತಾರೇನ ಯಾರರ? ಮುಂದಿಂದು ತರಸು."

ಅಪ್ಪ ಮತ್ತೆ ಜಮಖಂಡಿಗೆ ಹೋದಾಗ ವಿಚಾರಿಸಿದ. ಎರಡನೇ ಭಾಗ ಇನ್ನೂ ಅಚ್ಚಾಗಿರಲಿಲ್ಲ. ಆ ಕಲ್ಲುಮುಖದವಳನ್ನು ಹಾಗೆಯೇ ಹೊಳೆಯ ದಂಡೆಯ ಮೇಲೆ ನಿಲ್ಲಿಸಿ ಸುಮ್ಮನಿರುವುದು ನನ್ನಿಂದಾಗಲಿಲ್ಲ. ಅದೇ ಪುಸ್ತಕಕ್ಕೆ ಬೇರೆ ಬಣ್ಣದ ಬಟ್ಟೆಯ ಹೊದಿಕೆ ಹಾಕಿದೆ, ಎರಡನೇ ಭಾಗ ಬಂತೆಂದು ಸಾರಿದೆ, ಓದತೊಡಗಿದೆ. ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವುವುದನ್ನೂ ಮರೆಯುತ್ತಿರಲಿಲ್ಲ. ಮುಂಜಾನೆ ಏಳುವಾಗ ಅಂದಿನ ಕಥೆ ನನಗೂ ಗೊತ್ತಿರುತ್ತಿರಲಿಲ್ಲ. ಬಾಯಿ ತೆರೆದರೆ ಬರುತ್ತಿತ್ತು. ನನಗೆ ಊಟ ಸೇರುತ್ತಿರಲಿಲ್ಲ, ಅಷ್ಟು ಹುರುಪು. ಬದುಕಿನಲ್ಲಿ ಅಂಥ ಖುಷಿ ಇರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ.

ನನ್ನ ರಾಜಕುಮಾರಿ ಮೊದಮೊದಲು ಬರೀ ಅತ್ತಳು. ಆಮೇಲೆ ವೈದ್ಯರ ಹಿಂದೆ, ಮುನಿಗಳ ಹಿಂದೆ ತಿರುಗಿದಳು. ಒಂದು ದಿನ ಬಟ್ಟೆ ಒಗೆಯುವ ಮುದುಕಿಯೊಬ್ಬಳು ಅವಳಿಗೆ, "ನೀರಾಗ ಮಾರಿ ನೋಡ್ಕೋತ ಯಾಕ ಕುಂತಿ, ನೀರು ಕುಡಿ" ಎಂದಳು. ಕುಡಿದಳು. ನೀರು ಸಿಹಿಯಾಗಿತ್ತು. ಕಲ್ಲಿನ ಮುಖದೊಳಗೆ ನಾಲಗೆ ಇತ್ತು, ಹಾಡು ಇತ್ತು. ಇದನ್ನು ಹೇಳಿದ ದಿನ ಸಂಜೆ ಕನ್ನಡಿಯನ್ನು ಈ ಕಡೆ ತಿರುಗಿಸಿದೆ. ಕುಳಿಗಳು ಅಲ್ಲೇ ಇದ್ದವು, ನಾನೂ ಇದ್ದೆ.

ಆ ವಾರವೇ ಗಂಡನ ಮನೆಯಿಂದ ಕಾಗದ ಬಂತು. ಅಪ್ಪನಿಗೆ ಓದಿ ಹೇಳಬೇಕಾದವಳೂ ನಾನೇ. "ಮುಖ ನೆಟ್ಟಗಾಗಿದ್ದರೆ ಮಂಗಳವಾರ ಬಂದು ಕರೆದುಕೊಂಡು ಹೋಗುತ್ತೇವೆ." ಬರೆದದ್ದನ್ನು ಬರೆದಂತೆಯೇ ಓದಿದೆ. ಅಪ್ಪ ನನ್ನ ಸೀರೆಗಳನ್ನು ಮಡಚಿ ಗಂಟು ಕಟ್ಟಿದ.

ಮಂಗಳವಾರ ಮಗ್ಗದಲ್ಲಿ ಹಳೆಯ ಹಾಸು, ಅಂದರೆ ಉದ್ದೆಳೆಗಳ ಸಾಲು, ಮುಗಿದಿತ್ತು. ಹಳೆಯ ಎಳೆಗಳ ತುದಿಯನ್ನು ಮಗ್ಗದಿಂದ ಪೂರ್ತಿ ಬಿಚ್ಚುವುದಿಲ್ಲ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಬೂದಿ ಹಚ್ಚಿ ಆ ತುದಿಗೆ ಹೊಸೆದು ಕೂಡಿಸುತ್ತ ಹೋಗುತ್ತಾರೆ. ಸಾವಿರಾರು ಎಳೆ, ಹೆಂಗಸರದೇ ಕೆಲಸ. ಪಕ್ಕದ ಮನೆಯವಳ ಬೆರಳು ಕೊಯ್ದಿದ್ದರಿಂದ ಅಂದು ನನ್ನನ್ನೂ ಕೂಡ್ರಿಸಿದರು. ಪುಸ್ತಕವನ್ನು ತೊಡೆಯ ಮೇಲೆ ತೆರೆದಿಟ್ಟುಕೊಂಡು ಓದುತ್ತಲೇ ಇದ್ದೆ. ಆಕಾಶದಲ್ಲಿ ಗಂಧರ್ವ ಕಾಣಿಸಿಕೊಂಡಿದ್ದ, ಇಳಿಯುತ್ತಿದ್ದ.

ಅಷ್ಟರಲ್ಲಿ ಬಾಗಿಲಲ್ಲಿ ಚಕ್ಕಡಿ ನಿಂತಿತು. ಗಂಡ ಬಂದು ಹೊಸ್ತಿಲ ಹೊರಗೆ ನಿಂತ.

"ಏಳವ್ವಾ, ತಯಾರಾಗು" ಎಂದ ಅಪ್ಪ.

"ತಡಿಯೋ" ಎಂದಳು ಸೋದರತ್ತೆ. "ರಾಜಕುಮಾರಿ ಏನಂದ್ಲು, ಅದನ್ನ ಓದಿ ಏಳಲಿ."

ಪುಸ್ತಕ ನೋಡಿದೆ. ಹೊತ್ತು ದೂಡಲೆಂದು, "ಪುಟ ತಪ್ಪೇತ್ರಿ ಅತ್ತಿ" ಎಂದೆ.

ಅತ್ತೆ ಎಳೆಯಿಂದ ಕಣ್ಣು ತೆಗೆಯಲಿಲ್ಲ. "ಮುಂಜಾನಿಂದ ನಿನ್ನ ಎರಡೂ ಕೈ ನೂಲಿನಾಗ ಅದಾವ ಬೇ. ಒಂದ ಪುಟ ತಗದಿಟ್ಟು ಇಷ್ಟೊತ್ತು ಓದೀದಿ. ನಮಗ ಅಕ್ಷರ ಬರೂದಿಲ್ಲ, ಕಣ್ಣ ಅದಾವ. ಪುಸ್ತಕ ಮುಚ್ಚು. ನೀನ ಹೇಳು."

ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಸುತ್ತ ನೋಡಿದರೆ ಯಾರ ಮುಖದಲ್ಲೂ ಸಿಟ್ಟಿಲ್ಲ. ಎಲ್ಲರ ಕೈಯೂ ನಿಂತಿತ್ತು, ಎಲ್ಲರೂ ಕಾಯುತ್ತಿದ್ದರು. ಪುಸ್ತಕ ಮುಚ್ಚಿದೆ. ಹೊಸ್ತಿಲಾಚೆಗೂ ಕೇಳುವಂತೆ ಹೇಳಿದೆ.

"ರಾಜಕುಮಾರಿ ಅಂದ್ಲು, ನನ್ನ ಮಾರಿ ನೆಟ್ಟಗಾಗಿಲ್ಲ. ನಾ ಆಗೇನಿ. ಮಾರಿ ಕೇಳ್ಕೊಂಡು ಬಂದಿದ್ರ ಹಂಗ ಹೊಳ್ಳಿ ಹೋಗು. ನನ್ನ ಕೇಳ್ಕೊಂಡು ಬಂದಿದ್ರ ಒಳಗ ಬಾ, ಕುಂದ್ರು."

ನನ್ನ ಎದೆ ಮಗ್ಗದಂತೆ ಬಡಿದುಕೊಳ್ಳುತ್ತಿತ್ತು. ಹೆದರಿಕೆಯಲ್ಲ, ಸಂತೋಷ. ಹೊರಗಿನಿಂದ ಗಂಡನ ದನಿ ಬಂತು, ಮೆಲ್ಲಗೆ.

"ಗಂಧರ್ವ ಏನಂದ?"

"ಅದನ್ನ ಗಂಧರ್ವನ್ನ ಕೇಳಬೇಕು" ಎಂದೆ.

ಅವನು ಹೊಸ್ತಿಲು ದಾಟಲಿಲ್ಲ. ಅಪ್ಪ ಕೊಟ್ಟ ನೀರು ಕುಡಿದ. ಆಮೇಲೆ ಚಕ್ಕಡಿ ಬಂದ ದಾರಿಯಲ್ಲೇ ಖಾಲಿ ಹೋಯಿತು. ನನಗೆ ಅಳು ಬಂತು, ಸುಳ್ಳೇಕೆ ಹೇಳಲಿ. ಆದರೆ ಅಳುತ್ತಲೇ ಉಳಿದ ಎಳೆ ಕೂಡಿಸಿದೆ. ಅಪ್ಪ ಗಂಟು ಬಿಚ್ಚಿ ಸೀರೆಗಳನ್ನು ಮತ್ತೆ ಗೂಟಕ್ಕೆ ಹಾಕಿದ.

ಆರೇಳು ವರ್ಷದ ಮೇಲೆ ಅಚ್ಚಾದ ಎರಡನೇ ಭಾಗ ಕೈಗೆ ಸಿಕ್ಕಿತು. ಆ ಹೊತ್ತಿಗೆ ಓಣಿಯ ಹೆಣ್ಣುಮಕ್ಕಳಿಗೆ ನಾನೇ ಅಕ್ಷರ ಕಲಿಸುತ್ತಿದ್ದೆ. ಎಲ್ಲರನ್ನೂ ಕೂಡ್ರಿಸಿ, ಪುಟ ತಿರುವಿ ತಿರುವಿ ಓದಿದೆ. ಅದರಲ್ಲಿ ಗಂಧರ್ವ ಅಮೃತ ತಂದು ಚಿಮುಕಿಸುತ್ತಾನೆ, ಕಲ್ಲು ಕರಗಿ ಮೊದಲಿನ ಚಂದದ ಮುಖ ಮರಳುತ್ತದೆ, ಮದುವೆಯಾಗುತ್ತದೆ.

ಕಣ್ಣು ಮಂಜಾದ ಸೋದರತ್ತೆ ಕೈ ಚಾಚಿ ಆ ಪುಸ್ತಕವನ್ನು ಮುಟ್ಟಿ ನೋಡಿದಳು.

"ಇದನ್ನ ಯಾರೋ ಮನಸ್ಸಿಗೆ ಬಂದಂಗ ಬರದಾರ" ಎಂದಳು. "ನಮ್ಮ ಖರೇದನ್ನ ಓದು."