ಹೊಸ್ತಿಲಿಲ್ಲದ ದುಂಡು ಬಾಗಿಲು

ಮೊರದಲ್ಲಿ ಜೋಳ ಹಸನು ಮಾಡುತ್ತಾ ಕೂತಿದ್ದೆ. ಮಧ್ಯಾಹ್ನದ ಹೊತ್ತು. ದನ ಕಾಯುವ ಮುದುಕ ಹಿತ್ತಲ ಗೋಡೆಯಾಚೆಯಿಂದ ಕೂಗಿದ: "ಯವ್ವಾ, ಲಗೂನ ಬರ್ರಿ! ಆಕಳಿಗೆ ಬ್ಯಾನಿ ಸುರು ಆಗೈತಿ. ಈ ದುಂಡನ್ನ ಬಾಗಲಾ ದಾಟವಲ್ದು!"

ಮೊರ ಅಲ್ಲೇ ಬಿಟ್ಟು ಓಡಿದೆ. ಅದು ನನ್ನ ತವರು ಸಿರುಗುಪ್ಪದಿಂದ ಅವ್ವ ಕೊಟ್ಟು ಕಳಿಸಿದ ಕೆಂದಾಕಳು. ಹಿಂದಿನ ಸಲ ಕರು ಹೊಟ್ಟೆಯಲ್ಲೇ ಸತ್ತಿತ್ತು. ಈ ಸಲವಾದರೂ ತಾಯಿ, ಕರು ಎರಡೂ ಉಳಿಯಲಿ ಎಂದು ಕುರುಗೋಡಿನ ಬಸವಣ್ಣನಿಗೆ ಹರಕೆ ಹೊತ್ತಿದ್ದೆ.

ಆ ಬಾಗಿಲಿನ ಕಥೆ ಹೇಳಬೇಕು. ನನ್ನ ಗಂಡನ ಅಣ್ಣ ಪಲ್ಟನ್ನಿನ ಉಗ್ರಾಣದ ಗುಮಾಸ್ತರಾಗಿ ಹಡಗು ಹತ್ತಿ ಚೀನಾ ದೇಶಕ್ಕೆ ಹೋಗಿದ್ದರು. ಅಲ್ಲಿ ಯಾವನೋ ಸಾಹುಕಾರನ ತೋಟ ನೋಡಿ, ಅಲ್ಲಿದ್ದ ಸನ್ಯಾಸಿಯ ಮಾತನ್ನು ದುಭಾಷಿಯ ಬಾಯಿಂದ ಕೇಳಿ, ಬಳ್ಳಾರಿಗೆ ಜ್ಞಾನಿಯಾಗಿ ಮರಳಿದರು. ಕಲ್ಲು ಭೂಮಿಯ ಎಲುಬಂತೆ, ನೀರು ಅದರ ನೆತ್ತರಂತೆ. ಅಂಗೈಯಗಲದ ತೋಟದಲ್ಲೂ ಬೆಟ್ಟ, ಹೊಳೆ ಎರಡೂ ಇರಬೇಕಂತೆ. ಜಗತ್ತಿಗೆ ತನ್ನದೇ ಒಂದು ದಾರಿ ಇದೆಯಂತೆ. ನೀರು ತಗ್ಗು ಹುಡುಕಿ ಹರಿಯುವ ಹಾಗೆ ಮನುಷ್ಯ ಆ ದಾರಿಯಲ್ಲಿ ನಡೆಯಬೇಕೇ ಹೊರತು ಯಾವುದನ್ನೂ ಬಲವಂತದಿಂದ ಮಾಡಬಾರದಂತೆ. ಇಷ್ಟು ಹೇಳಿ, ನಾಲ್ಕು ಆಳು ಹಚ್ಚಿ ನಮ್ಮ ಹಿತ್ತಲನ್ನು ಅಗೆಸಿದರು.

ತಲೆ ಎತ್ತಿದರೆ ಕಲ್ಲುಗುಡ್ಡವೇ ಕಾಣುವ ಬಳ್ಳಾರಿಗೆ ಕುರುಗೋಡಿನಿಂದ ಬಂಡಿಯಲ್ಲಿ ಕಲ್ಲು ತರಿಸಿದ ಪುಣ್ಯಾತ್ಮರು ಅವರೊಬ್ಬರೇ ಇರಬೇಕು. ನೆಟ್ಟಗೆ ಬಾಳೆಯ ಬುಡಕ್ಕೆ ಹೋಗುತ್ತಿದ್ದ ಬಚ್ಚಲ ನೀರನ್ನು ಮೂರು ಕಡೆ ಬಳಸಿ ಹರಿಸಿದರು. ಅದು ಎರಡನೇ ತಿರುವಿನಲ್ಲೇ ನಿಂತು ನಾರತೊಡಗಿತು. ಕಾಲುವೆಯ ಊರಿನಲ್ಲಿ ಹುಟ್ಟಿದವಳಿಗೆ ನೀರಿನ ಸ್ವಭಾವ ಕಲಿಸಲು ಬಂದಿದ್ದರು! ಕೊನೆಗೆ ಹಿತ್ತಲ ಬಾಗಿಲು ಕಿತ್ತು ಗೋಡೆಯಲ್ಲಿ ಚಂದ್ರನಂಥ ದುಂಡು ಕಂಡಿ ಕಟ್ಟಿಸಿದರು. ತಂದ ಮೂರು ಕಲ್ಲುಗಳಲ್ಲಿ ದೊಡ್ಡದು ಅದರೊಳಗೆ ಹಿಡಿಸದೆ ಓಣಿಯಲ್ಲೇ ಉಳಿಯಿತು. ಕಂಡಿಗೆ ಹೊಸ್ತಿಲೇ ಇಲ್ಲ. ನಿತ್ಯ ಅರಿಶಿನ ಕುಂಕುಮ ಹಚ್ಚುವ ನಾನು ಇನ್ನು ಎಲ್ಲಿ ಹಚ್ಚಲಿ, ಚಂದ್ರನ ಗದ್ದಕ್ಕೆ? ಮೊಣಕಾಲೆತ್ತರದ ಕೆಳಗಿನ ಅಂಚಿಗೆ ಗಾರೆ ಹಾಕಿ ಮುಗಿಸಿದ್ದು ಅಂದು ಬೆಳಿಗ್ಗೆ, ಆಕಳು ಮೇಯಲು ಹೋದ ಮೇಲೆ.

ನಾನು ಹೋಗಿ ನೋಡಿದರೆ ಭಾವ ಒಳಗೆ ನಿಂತು ಹಗ್ಗ ಜಗ್ಗುತ್ತಿದ್ದರು. ಆಕಳು ಕಾಲೂರಿ ಹಿಂದೆ ಸರಿಯುತ್ತಿತ್ತು. ಜಗ್ಗಿ ದಾಟಿಸಿದರೆ ಹೊಟ್ಟೆ ಅಂಚಿಗೆ ಬಡಿಯುವುದು ಖಂಡಿತ.

ಭಾವನೆದುರು ಮಾತಾಡುವ ಪದ್ಧತಿ ನಮ್ಮಲ್ಲಿಲ್ಲ. ಹೇಳುವುದಿದ್ದರೆ ಆಕಳಿಗೋ ಗೋಡೆಗೋ ಹೇಳಿ ಅವರಿಗೆ ಮುಟ್ಟಿಸಬೇಕು. ಸೆರಗೆಳೆದುಕೊಂಡು ಆಕಳಿಗೆ ಅಂದೆ: "ನಮ್ಮವ್ವ, ಏನೂ ಬಲವಂತ ಮಾಡಬಾರ್ದಂತ ಚೀನಾದ ಸ್ವಾಮಿ ಹೇಳ್ಯಾನಂತ. ನಿನ್ನ ಕೊಳ್ಳಾಗಿನ ಹಗ್ಗಕ್ಕ ಆ ಮಾತು ಕೇಳಿಸಿಲ್ಲೇನು?"

ಮುದುಕ ಕಿಸಕ್ಕನೆ ನಕ್ಕ.

"ಒಂಚೂರು ಜಗ್ಗಿದ್ರ ಬರತೈತಿ," ಎಂದರು ಭಾವ, ಬೆವರುತ್ತಾ. "ರೂಢಿ ಆಗಬೇಕಷ್ಟ."

"ರೂಢಿ ಆಗೂತನಾ ಕರು ಹೊಟ್ಯಾಗ ಕುಂದ್ರತೈತೇನ್ರಿ ಧಣ್ಯಾರ?" ಎಂದ ಮುದುಕ.

ಭಾವ ಮತ್ತೆ ಜಗ್ಗಿದರು. ಆಕಳು ಮುಗ್ಗರಿಸಿ ಮೊಣಕಾಲೂರಿತು. ನನ್ನ ಪದ್ಧತಿ ಅಲ್ಲಿಗೆ ಮುಗಿಯಿತು.

"ಭಾವಾರ, ಹಗ್ಗ ಬಿಡ್ರಿ!"

ಬಿಟ್ಟರು. ಆಕಳು ಎದ್ದು, ತಿರುಗಿ, ಓಣಿಯಲ್ಲಿ ಉಳಿದಿದ್ದ ಆ ದೊಡ್ಡ ಕಲ್ಲಿನ ನೆರಳಿಗೆ ಹೋಗಿ ಮಲಗಿತು. ಸ್ವಲ್ಪ ಹೊತ್ತಿನಲ್ಲೇ ಕರು ಹಾಕಿತು. ಹೆಣ್ಣು ಕರು. ಉಸಿರಿತ್ತು. ಅದರ ಮೂಗು ಒರೆಸುತ್ತಾ ಶಿವನ ಕರುಣೆ ಎಣಿಸಿದೆ: ತಾಯಿ ಉಳಿಯಿತು, ಕರು ಉಳಿಯಿತು, ಬಿಸಿಲು ತಾಗಲಿಲ್ಲ. ಆ ಕಲ್ಲಿನಿಂದ ಲೋಕಕ್ಕಾದ ಉಪಕಾರ ಅದೊಂದೇ. ಸನ್ಯಾಸಿಯ ಮಾತು ಸುಳ್ಳೆಂದು ನಾನು ಇಂದಿಗೂ ಅನ್ನುವುದಿಲ್ಲ. ನಮ್ಮ ಭಾವ ಅದನ್ನು ಹಡಗಿನಲ್ಲೇ ಮರೆತು, ಬರೀ ಕಂಡಿಯನ್ನು ಹೊತ್ತು ತಂದಿದ್ದರು.

ಭಾವ ಹಾರೆ ತಂದು, ಗಾರೆ ಇನ್ನೂ ಹಸಿಯಿದ್ದ ಕಂಡಿಯ ಕೆಳಗಿನ ಅಂಚನ್ನು ನೆಲದ ಮಟ್ಟಕ್ಕೆ ತಾವೇ ಕೆಡವಿದರು. ತಾಯಿ, ಕರು ಒಳಗೆ ಬಂದವು. ನನ್ನ ಕಡೆ ನೋಡದೆ ಅವರು ಕರುವನ್ನು ಕೇಳಿದರು: "ಹೊಸ್ತಿಲಾ ಎಷ್ಟು ಎತ್ತರ ಇಡಸಬೇಕವ್ವ?"

ನಾನೂ ಕರುವಿಗೇ ಹೇಳಿದೆ: "ನೀ ದಾಟುವಷ್ಟು, ನನ್ನ ಕೂಸ."

ಕೈಕಾಲು ತೊಳೆದು ಒಳಗೆ ಬಂದರೆ, ಮೊರದಲ್ಲಿದ್ದ ಜೋಳವನ್ನು ಗುಬ್ಬಿಗಳು ಅರ್ಧ ಮುಗಿಸಿದ್ದವು. ಅರ್ಧ ಬಿಟ್ಟಿದ್ದವಲ್ಲ, ಶಿವಾ. ಅದನ್ನೇ ಬಾಚಿಕೊಂಡು ಬೀಸುವ ಕಲ್ಲಿನ ಮುಂದೆ ಕೂತೆ.