ಎಡೆ ಇಟ್ಟ ಕಾರು

ನಮ್ಮ ಯಜಮಾನರು ತೀರಿಕೊಂಡ ಮೇಲೂ ನನಗಾಗಿ ದುಡಿಯುತ್ತಿದ್ದಾರೆಂದು ಗೊತ್ತಾದದ್ದು ತುಮಕೂರಿನ ಸದಾಶಿವನಗರದಲ್ಲಿ, ಇನ್ಶೂರೆನ್ಸ್ ಏಜೆಂಟನ ಮನೆಯ ವರಾಂಡದಲ್ಲಿ ಕೂತಿದ್ದಾಗ. ಅವನು ಚಿಕ್ಕಂದಿನಿಂದ ಇವರ ಹಿಂದೆ ಮುಂದೆ ಓಡಾಡಿಕೊಂಡು ಬೆಳೆದವನು, ನನ್ನನ್ನು ಅತ್ತಿಗೆ ಎಂದೇ ಕರೆಯುವವನು. ಇವರ ಕಾರು ನನ್ನ ಹೆಸರಿಗೆ ಆಗಿತ್ತು. ವಿಮೆಯೂ ಆಗಬೇಕಿತ್ತು. ಅವನು ಹೇಳಿದ ಮೊತ್ತ ಕೇಳಿ ನನಗೆ ರೇಗಿತು. ನನ್ನ ಕಾಲೇಜಿನ ಸಹೋದ್ಯೋಗಿಯ ಪೆಟ್ರೋಲ್ ಕಾರಿಗೆ ಇದಕ್ಕಿಂತ ಎಷ್ಟೋ ಕಡಿಮೆ. ಕೇಳಿದಷ್ಟು ಕೊಟ್ಟು ಎದ್ದು ಬರುವ ಜಾಯಮಾನ ನನ್ನದಲ್ಲ. ಕೆಮಿಸ್ಟ್ರಿ ಪಾಠ ಮಾಡುವವಳು ನಾನು, ಯಾಕೆ ಅಂತ ಕೇಳದಿದ್ದರೆ ಉಂಡ ಅನ್ನ ಅರಗುವುದಿಲ್ಲ.

"ಅತ್ತಿಗೆ, ಇದು ಹೈಬ್ರಿಡ್ಡು. ಇಂಜಿನ್ನೂ ಐತೆ, ಬ್ಯಾಟ್ರಿ ಮೋಟ್ರೂ ಐತೆ. ಎರಡು ಗಾಡಿ ಸಾಮಾನು ಒಂದೇ ಗಾಡೀಲಿ," ಎಂದ. ಗಾಡಿಯ ಬೆಲೆ ಜಾಸ್ತಿಯಾದ್ದರಿಂದ ವಿಮೆಗೆ ಹಿಡಿಯುವ ಬೆಲೆಯೂ ಜಾಸ್ತಿಯಂತೆ. ಬ್ಯಾಟರಿಗೆ ಬೇರೆಯೇ ರಕ್ಷಣೆ, ಅದಕ್ಕೆ ಬೇರೆಯೇ ದುಡ್ಡು. ಕೆಟ್ಟರೆ ಸಿಕ್ಕಸಿಕ್ಕ ಗ್ಯಾರೇಜಿನವರು ಮುಟ್ಟುವ ಹಾಗಿಲ್ಲ, ಸಾಮಾನು ದೂರದಿಂದ ಬರಬೇಕು. ಬೇರೆಯವರಿಗಾಗುವ ನಷ್ಟಕ್ಕೆಂದು ಕಟ್ಟುವ ಥರ್ಡ್ ಪಾರ್ಟಿಯಲ್ಲಿ ಮಾತ್ರ ಹೈಬ್ರಿಡ್ ಎಂದು ಒಂದು ಚೂರು ಬಿಡುತ್ತಾರೆ. ಬೆಂಗಳೂರಿನ ರಿಜಿಸ್ಟ್ರೇಷನ್ ಆಗಿದ್ದರೆ ಇನ್ನೂ ಏರುತ್ತಿತ್ತು, ನಮ್ಮದು ತುಮಕೂರಿನದು, ಬಚಾವ್. ಇಷ್ಟೆಲ್ಲ ಹೇಳಿ ಅವನು ಕನ್ನಡಕ ತೆಗೆದು ಒರೆಸಿಕೊಂಡ.

"ಇಷ್ಟಕ್ಕೇ ನಿಂತಿರೋದು ಅಣ್ಣನ ದೆಸೆಯಿಂದ. ಒಂದ್ ಸಲಾನೂ ಕ್ಲೇಮ್ ಮಾಡ್ದೋನಲ್ಲ. ಅದಕ್ಕೆ ಕಂಪ್ನಿಯೋರು ವರ್ಷ ವರ್ಷ ರೇಟಲ್ಲಿ ಬಿಡ್ತಾರಲ್ಲ, ಆ ಬೋನಸ್ನ ಹಳೇ ಕಾರಿಂದ ಈ ಕಾರಿಗೆ ಹೊತ್ಕೊಂಡು ಬಂದಿದ್ದ. ಅದು ಕಾರಿಂದಲ್ಲ ಅತ್ತಿಗೆ, ಮನುಷ್ಯಂದು. ಅವ್ನಿಲ್ಲ ಅಂದ್ರೆ ವಾರಸುದಾರರಿಗೆ ಬರುತ್ತೆ. ಈಗ ನಿಮ್ಗೆ."

ನಾನು ತಲೆ ತಗ್ಗಿಸಿಕೊಂಡು ಸಹಿ ಹಾಕಿದೆ. ಮನುಷ್ಯ ಬೂದಿಯೋ ಮಣ್ಣೋ ಆಗಿ ಹೋದರೂ ಅವನ ಎಚ್ಚರಿಕೆ ಮಾತ್ರ ಎಲ್ಲೋ ಒಂದು ಕಂಪ್ಯೂಟರಿನಲ್ಲಿ ಉಳಿದುಕೊಂಡು ಹೆಂಡತಿಯನ್ನು ಹುಡುಕಿಕೊಂಡು ಬರುತ್ತದೆ ಎಂದರೆ ಏನು ಹೇಳುವುದು? ನಮ್ಮೂರು ಗುಬ್ಬಿಯ ಬಸ್ಸಿನಲ್ಲಿ ಕೂತು ಕಿಟಕಿಯ ಕಡೆ ಮುಖ ಮಾಡಿ ಅತ್ತುಬಿಟ್ಟೆ.

ಇವರದು ಕೊಬ್ಬರಿ ವ್ಯಾಪಾರ. ಬೆಳ್ಳಾವಿ, ಕುಣಿಗಲ್ ಎಂದು ದಿನವಿಡೀ ಸುತ್ತುವವರು, ಮನೆಯಲ್ಲಿದ್ದದ್ದಕ್ಕಿಂತ ಕಾರಿನಲ್ಲಿದ್ದದ್ದೇ ಹೆಚ್ಚು. ಈ ಕಾರು ಬಂದ ಹೊಸದರಲ್ಲಿ ಮಕ್ಕಳಿಗಿಂತ ಕಡೆಯಾಗಿದ್ದರು. ನಿಧಾನಕ್ಕೆ ಹೋಗುವಾಗ ಅದು ಬ್ಯಾಟರಿಯಲ್ಲೇ ಓಡುತ್ತದೆ, ಸದ್ದೇ ಇರುವುದಿಲ್ಲ. ಒಂದು ಸಂಜೆ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದ ನಮ್ಮತ್ತೆ ತಲೆ ಎತ್ತಿ ನೋಡಿದರೆ ಮುಂದೆಯೇ ಕಾರು! ಮೊರ ಎಲ್ಲೋ, ಕಾಳು ಎಲ್ಲೋ. "ಕಳ್ಳನಂಗೆ ಬತ್ತೀಯಲ್ಲೋ, ಎದೆ ಒಡ್ಕೊಂಡು ಸಾಯ್ಲಾ ನಾನು?" ಎಂದು ಬೈದರು. ಅವತ್ತಿನಿಂದ ಇವರು ನಮ್ಮ ಬೀದಿಯ ತಿರುವಿನಲ್ಲಿ ಎರಡು ಸಲ ಮೆಲ್ಲಗೆ ಹಾರ್ನ್ ಮಾಡಿ ಬರತೊಡಗಿದರು. ಆ ಸದ್ದು ಕೇಳಿದೊಡನೆ ಅತ್ತೆ ಎದ್ದು ಕಾಫಿಗೆ ನೀರಿಡುವುದು.

ಕುಣಿಗಲ್ಲಿನಲ್ಲಿ ನೆಂಟರ ಮದುವೆಗೆ ಹೋದವರು ಛತ್ರದ ಕುರ್ಚಿಯಲ್ಲಿ ಕೂತಲ್ಲೇ ಎದೆ ಹಿಡಿದುಕೊಂಡರಂತೆ. ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಣ್ಣಾದ ಮೇಲೆ ಒಂದು ಸಂಜೆ ನೆಂಟರ ಹುಡುಗ ಕಾರು ತಂದು ಬಿಟ್ಟ. ಅವನಿಗೇನು ಗೊತ್ತು, ಹಾರ್ನ್ ಮಾಡಲಿಲ್ಲ. ಜಗಲಿಯಲ್ಲಿದ್ದ ಅತ್ತೆ ತಿರುಗಿ ನೋಡಿದಾಗ ಕಾರು ಬಂದು ನಿಂತಿತ್ತು. ಅವರು ಕಿರುಚಲಿಲ್ಲ, ಬೈಯಲಿಲ್ಲ. ಸುಮ್ಮನೆ ನೋಡುತ್ತ ಕೂತರು. ಆ ನೋಟ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ನಮ್ಮಲ್ಲಿ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುತ್ತಾರೆ. ಹೋದವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಬಡಿಸಿ, ಬಾಗಿಲು ಮುಂದೆ ಮಾಡಿ ಮನೆಯವರೆಲ್ಲ ಆಚೆ ಕೂರುವುದು. ಅವರು ಬಂದು ತಿಂದು ಹೋಗಲಿ ಎಂದು. ಆಮೇಲೆ ಅದನ್ನೇ ಮನೆಯವರು ಹಂಚಿಕೊಂಡು ತಿನ್ನಬೇಕು. ಮೊದಲ ವರ್ಷ ಎಲ್ಲ ಮಾಡಿಟ್ಟು, ಅತ್ತೆ ಇವರ ಫೋಟೋದ ಮುಂದೆ ತಟ್ಟೆ ಹಿಡಿದು ನಿಂತೇ ಇದ್ದರು. ಆಮೇಲೆ, "ಅವ್ನು ಈ ರೂಮಲ್ಲಿ ಯಾವತ್ತವ್ವ ಕೂತಿದ್ದ? ಕಾರಲ್ಲಿಡಾಣ ಬಾ," ಎಂದರು. ಡ್ರೈವರ್ ಸೀಟಿನ ಮೇಲೆ ತಟ್ಟೆ ಇಟ್ಟೆವು. ಹೋಳಿಗೆ, ಚಿತ್ರಾನ್ನ, ಕೊಬ್ಬರಿ ಮಿಠಾಯಿ. ಬಾಗಿಲು ಹಾಕುವಾಗ, "ಗಾಜು ನಾಕು ಬೆಳ್ಳು ಇಳ್ಸು. ಉಸ್ರು ಕಟ್ಟುತ್ತೆ ಅವ್ನಿಗೆ," ಎಂದರು. ಇಳಿಸಿದೆ. ಬೇರೆ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ರಾತ್ರಿ ಅಲ್ಲೇ ಬಿಟ್ಟು ಬೆಳಿಗ್ಗೆ ನೋಡಿದರೆ ತಟ್ಟೆ ಖಾಲಿ. ತೊಳೆದಿಟ್ಟಷ್ಟು ಚೊಕ್ಕಟ.

ಆಮೇಲೆ ಪ್ರತಿ ಅಮಾವಾಸ್ಯೆಗೂ ಇಟ್ಟೆವು. ಪ್ರತಿ ಸಲವೂ ಖಾಲಿ. ಅತ್ತೆ ಏನೂ ಅನ್ನುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ. ಯಾಕೆ ಅಂತ ಕೇಳದಿದ್ದರೆ ಅನ್ನ ಅರಗದವಳು ಅದೊಂದನ್ನು ಮಾತ್ರ ಕೇಳಿಕೊಳ್ಳಲಿಲ್ಲ. ಕಾಲೇಜಿಗೆ ಕೆಲವು ದಿನ ಕಾರಿನಲ್ಲೇ ಹೋಗುತ್ತಿದ್ದೆ. ಇವರದು ಉದ್ದ ಕಾಲು, ನನ್ನದು ಗಿಡ್ಡ. ಹತ್ತಿದಾಗ ಸೀಟು ಮುಂದಕ್ಕೆ ಎಳೆದುಕೊಂಡು, ಮನೆಗೆ ಬಂದು ಇಳಿಯುವಾಗ ಮತ್ತೆ ಇವರು ಬಿಟ್ಟಿದ್ದಷ್ಟೇ ಹಿಂದಕ್ಕೆ ತಳ್ಳುತ್ತಿದ್ದೆ. ಬೀದಿಯ ತಿರುವಿನಲ್ಲಿ ಹಾರ್ನ್ ಮಾತ್ರ ಮಾಡುತ್ತಿರಲಿಲ್ಲ. ಅದು ಇವರದು.

ಕಾರು ಬ್ಯಾಟರಿಗೆ ಇಳಿದು ಸದ್ದಡಗಿದಾಗ ಹಿಂದಿನ ಸೀಟಿನ ಕಡೆಯಿಂದ ಏನೋ ಕೇಳಿಸುತ್ತಿತ್ತು. ಪಂಚೆ ಸರಿಮಾಡಿಕೊಂಡು ಕೂತಂತೆ. ಕನ್ನಡಿಯಲ್ಲಿ ನೋಡಿದರೆ ಯಾರೂ ಇಲ್ಲ, ಇವರ ಬಿಳಿ ಶಲ್ಯ ಮಾತ್ರ. ಕುಣಿಗಲ್ಲಿನ ಮದುವೆಗೆ ಹೋದಾಗ ಸೀಟಿನ ಮೇಲೆ ಬಿಟ್ಟಿದ್ದದ್ದನ್ನು ನಾನು ತೆಗೆದಿರಲಿಲ್ಲ. ನನಗೆ ಭಯವಾಗಲಿಲ್ಲ. ಸದ್ದು ಚೆನ್ನಾಗಿ ಕೇಳಲಿ ಎಂದು ಕಾರು ಇನ್ನೂ ನಿಧಾನ ಮಾಡುತ್ತಿದ್ದೆ. ಹಿಂದಿನ ಬಸ್ಸಿನವನು ಹಾರ್ನ್ ಹೊಡೆದು ಹೊಡೆದು ಶಾಪ ಹಾಕುತ್ತಿದ್ದ. ಏನೂ ಕೇಳಿಸದ ದಿನ ಮಾತ್ರ ಮನೆಗೆ ಬಂದು ಯಾರ ಮೇಲಾದರೂ ಸಿಡಿಮಿಡಿಗುಟ್ಟುತ್ತಿದ್ದೆ.

ಒಂದು ಬೆಳಿಗ್ಗೆ ಬಟನ್ ಒತ್ತಿದರೆ ಮುಂದಿನ ಫಲಕದಲ್ಲಿ ಇರುವ ದೀಪವೆಲ್ಲ ಹತ್ತಿಕೊಂಡವು, ಕಾರು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಇನ್ನೊಂದು ಗಾಡಿಯ ಮೇಲೆ ಹೇರಿಸಿಕೊಂಡು ತುಮಕೂರಿನ ಸತ್ಯಮಂಗಲದ ವರ್ಕ್‌ಶಾಪಿಗೆ ಹೋದೆ. ಮೆಕ್ಯಾನಿಕ್ ಹಿಂದಿನ ಸೀಟು ಬಿಚ್ಚಿದ. ಬ್ಯಾಟರಿ ಇರುವುದು ಅದರ ಕೆಳಗೇ. ಬ್ಯಾಟರಿಯಿಂದ ಹೊರಟ ದಪ್ಪ ಕಿತ್ತಳೆ ಬಣ್ಣದ ವೈರು ಅರ್ಧ ತಿಂದುಹೋಗಿತ್ತು. ಪಕ್ಕದಲ್ಲಿ ಇಲಿಗಳ ಗೂಡು. ಇವರ ಶಲ್ಯದ ಅಂಚನ್ನು ಹರಿದು ತಂದು ಮೆತ್ತೆ ಮಾಡಿಕೊಂಡಿದ್ದವು. ಅದರ ಮೇಲೆ ಕೊಬ್ಬರಿ ಮಿಠಾಯಿಯ ಚೂರು, ಇನ್ನೂ ಕಣ್ಣು ಬಿಡದ ಮರಿಗಳು.

"ಸಂಸಾರಾನೇ ಹೂಡ್ಬುಟ್ಟವೆ ಮೇಡಂ," ಎಂದು ಅವನು ನಕ್ಕ. ನಾನು ಅಲ್ಲಿದ್ದ ಟೈರಿನ ಮೇಲೆ ಕೂತುಬಿಟ್ಟೆ. ಗಂಡನನ್ನು ಎರಡನೇ ಸಲ ಕಳೆದುಕೊಂಡಂತಾಯಿತು. ಇದನ್ನು ಯಾರಿಗೆ ಹೇಳುವುದು? ಕೇಳಿದವರು ನಕ್ಕಾರು.

ರಿಪೇರಿಗೆ ಹೇಳಿದ ದುಡ್ಡು ನನ್ನ ಕೈಗೆ ಮೀರಿದ್ದು. ಏಜೆಂಟನಿಗೆ ಫೋನ್ ಮಾಡಿದೆ. "ಕ್ಲೇಮ್ ಹಾಕಣ ಬಿಡಿ ಅತ್ತಿಗೆ. ಆದ್ರೆ ಅಣ್ಣನ ಬೋನಸ್ಸು ಪೂರಾ ಹೋಗುತ್ತೆ," ಎಂದ. ಹಾಗಾದರೆ ಬೇಡ, ಸಾಲ ಮಾಡಿಯಾದರೂ ನಾನೇ ಕಟ್ಟುತ್ತೇನೆ ಎಂದೆ. "ತಲೆ ಕೆಟ್ಟಿದ್ಯಾ? ಆ ಬೋನಸ್ಸು ಎಷ್ಟು ವರ್ಷ ಉಳಿಸಿದ್ರೂ ಈ ಒಂದು ರಿಪೇರಿಗೆ ಸಮ ಆಗಲ್ಲ!" ಎಂದು ರೇಗಿದ. ಅವನ ಮಾತು ಸರಿ, ಲೆಕ್ಕ ನನಗೂ ಬರುತ್ತದೆ. ಆದರೆ ಇವರದು ಅಂತ ಇನ್ನೂ ಜೀವ ಇಟ್ಟುಕೊಂಡಿದ್ದದ್ದು ಅದೊಂದೇ. ಕಾರಿನೊಳಗೆ ಇದ್ದದ್ದು ಇವರಲ್ಲ ಎಂದು ಗೊತ್ತಾದ ದಿನವೇ ಅದನ್ನೂ ಬಿಟ್ಟುಕೊಡು ಎಂದರೆ ಹೇಗೆ ಬಿಡುವುದು? ಅವನು ನನ್ನ ಮಾತು ಕೇಳದೆ ಕ್ಲೇಮ್ ಹಾಕಿಯೇಬಿಟ್ಟ. ಬೇಡವೆಂದರೆ ವಾಪಸ್ ತೆಗೆದುಕೊಳ್ಳಬಹುದು, ಇನ್ಶೂರೆನ್ಸ್ ಕಂಪನಿಯ ಸರ್ವೇಯರ್ ಬಂದು ನಷ್ಟ ನೋಡಿ ಹೋಗಲಿ ಎಂದ.

ಅತ್ತೆಗೆ ವೈರು ಕೆಟ್ಟಿದೆ ಎಂದಷ್ಟೇ ಹೇಳಿದ್ದೆ. ಮಗ ಬಂದು ಉಂಡು ಹೋಗುತ್ತಾನೆಂದು ನಂಬಿ ಬದುಕಿರುವ ಮುದುಕಿಗೆ ಇಲಿ ಎಂದು ಹೇಗೆ ಹೇಳಲಿ? ಸರ್ವೇಯರ್ ವರ್ಕ್‌ಶಾಪಿನಲ್ಲಿ ಕಾರು ನೋಡಿಕೊಂಡು ನೇರ ಗುಬ್ಬಿಗೆ ಬಂದರು. ಕಾರು ನಿಲ್ಲಿಸುವ ಶೆಡ್ಡನ್ನು ನೋಡಿದರು, ಫೋಟೋ ತೆಗೆದರು. ಅತ್ತೆ ಜಗಲಿಯಲ್ಲೇ ಇದ್ದರು.

"ಕಾರೊಳಗೆ ತಿನ್ನೋ ಪದಾರ್ಥ ಏನಾದ್ರೂ ಇಡ್ತಿದ್ರಾ ಮೇಡಂ?"

"ಇಲ್ಲ," ಎಂದೆ ನಾನು.

"ಇಡ್ತಿದ್ವಲ್ಲಪ್ಪ," ಎಂದರು ಅತ್ತೆ. "ಅಮಾಸೆ ಅಮಾಸೆಗೂ ಎಡೆ. ನನ್ ಮಗುಂಗೆ."

ಸರ್ವೇಯರ್ ಬರೆಯುವುದನ್ನು ನಿಲ್ಲಿಸಿದರು. ನನ್ನ ಮುಖ ನೋಡಿದರು, ಅತ್ತೆಯ ಮುಖ ನೋಡಿದರು. "ಇಲಿ ಕಡ್ದಿದೆ ಅಂತ ಬರ್ಕೋತೀನಮ್ಮ. ಎಡೆ ಅನ್ನೋದು ನಮ್ಮ ಫಾರಮ್ಮಲ್ಲಿ ಇಲ್ಲ," ಎಂದು ಮೆಲ್ಲಗೆ ಹೇಳಿ, ಅತ್ತೆಗೆ ಕೈ ಮುಗಿದು ಹೊರಟರು.

ಇಲಿ ಎಂಬ ಮಾತು ಅತ್ತೆಯ ಕಿವಿಗೂ ಬಿದ್ದುಹೋಯಿತು. ಅತ್ತೆಯ ಮುಖದಲ್ಲಿ ಏನೂ ಬದಲಾಗಲಿಲ್ಲ. ನನಗೇ ತಡೆಯಲಾಗದೆ ಕೂಗಾಡಿದೆ. ಯಾಕೆ ಹೇಳಿದಿರಿ, ನಿಮಗೆ ನೋವಾಗಬಾರದು ಅಂತ ನಾನು ಸುಳ್ಳು ಹೇಳಿದರೆ ನೀವೇ ಎಂದು ಏನೇನೋ ಅಂದೆ.

"ನಂಗ್ಯಾಕವ್ವ ನೋವು? ಮೊದ್ಲನೇ ಸಲವೇ ಗೊತ್ತಾಯ್ತು. ಕೊಬ್ರಿ ಮನೇಲಿ ಬಾಳಿದೋಳು, ಇಲಿ ಹಿಕ್ಕೆ ಗುರ್ತು ಸಿಗಲ್ವಾ? ನೀನು ಏಳೋಕ್ ಮುಂಚೆ ಹೋಗಿ ಸೀಟು ಒರೆಸಿ, ತಟ್ಟೆ ತೊಳ್ದು ಮತ್ತೆ ಅಲ್ಲೇ ಇಟ್ ಬರ್ತಿದ್ದೆ."

"ಮತ್ತೆ ಯಾಕತ್ತೆ ಇಡ್ತಾನೇ ಇದ್ರಿ?"

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು. "ಅವ್ನು ಹೋದ್ಮೇಲೆ ನೀನು ಹೊಟ್ಟೆ ತುಂಬ ಉಂಡಿದ್ದು ನಾನು ನೋಡಿರೋದು ಆ ಖಾಲಿ ತಟ್ಟೆ ಕಂಡ ದಿನ ಮಾತ್ರ ಕಣವ್ವ. ಹೋಗ್ಲಿ ಬುಡು. ಅವ್ರು ಕೊಡೋದು ಇಸ್ಕೊಂಡು ಗಾಡಿ ಸರಿ ಮಾಡ್ಸು."

ನಾನು ಕ್ಲೇಮ್ ವಾಪಸ್ ತೆಗೆದುಕೊಳ್ಳಲಿಲ್ಲ. ದುಡ್ಡು ಬಂತು, ಇವರ ಬೋನಸ್ ಸೊನ್ನೆಯಾಯಿತು. "ಇನ್ಮೇಲೆ ನಿಮ್ಮ ಲೆಕ್ಕ ಹೊಸದಾಗಿ ಶುರು ಅತ್ತಿಗೆ," ಎಂದ ಏಜೆಂಟ್.

ರಿಪೇರಿಯಾದ ಕಾರು ತರಲು ಸಂಜೆ ಸತ್ಯಮಂಗಲಕ್ಕೆ ಹೋದೆ. ಸೀಟನ್ನು ಯಾರೋ ಎಲ್ಲಿಗೋ ಸರಿಸಿದ್ದರು. ಇವರು ಎಷ್ಟು ಹಿಂದಕ್ಕೆ ಬಿಟ್ಟಿದ್ದರೆಂಬ ಗುರುತು ಇನ್ನು ಸಿಗುವ ಹಾಗಿರಲಿಲ್ಲ. ಗುಬ್ಬಿಯವರೆಗೂ ಹಿಂದಿನಿಂದ ಒಂದು ಸದ್ದೂ ಬರಲಿಲ್ಲ. ಅಷ್ಟು ಖಾಲಿ ಕಾರಿನಲ್ಲಿ ನಾನು ಎಂದೂ ಕೂತಿರಲಿಲ್ಲ. ನಮ್ಮ ಬೀದಿಯ ತಿರುವು ಬಂದಾಗ, ಯಾಕೋ ಗೊತ್ತಿಲ್ಲ, ನನ್ನ ಕೈ ತಾನಾಗಿ ಎರಡು ಸಲ ಮೆಲ್ಲಗೆ ಹಾರ್ನ್ ಒತ್ತಿತು.

ಅತ್ತೆ ಜಗಲಿಯಿಂದ ಎದ್ದು ನಿಂತಿದ್ದರು. ಕಂಬ ಹಿಡಿದುಕೊಂಡು, ಕಣ್ಣಿಗೆ ಕೈ ಅಡ್ಡ ಇಟ್ಟು, ಮುಖವೆಲ್ಲ ಅರಳಿಸಿಕೊಂಡು.

"ಬಂದ್ಯಾ ಮಗ?" ಎಂದರು.

ನಾನು ಇಳಿದು, "ನಾನತ್ತೆ," ಎಂದೆ. ಎಲ್ಲ ಗೊತ್ತಿದ್ದೂ ತಟ್ಟೆ ತೊಳೆದಿಡುತ್ತಿದ್ದ ಆ ಹೆಂಗಸು ಕಂಬದಿಂದ ಕೈ ತೆಗೆದರು. ಸೆರಗು ಸರಿಮಾಡಿಕೊಂಡರು.

"ಗೊತ್ತಾಯ್ತು ಬಾ, ಕಾಫಿಗಿಡ್ತೀನಿ," ಎಂದು ಒಳಗೆ ಹೊರಟವರು ಹೊಸಿಲ ಹತ್ತಿರ ನಿಂತು, ನನ್ನ ಕಡೆ ತಿರುಗದೆ, "ನಾಳೆಯಿಂದ್ಲೂ ಹಂಗೇ ಹಾರ್ನ್ ಮಾಡ್ಕಂಡ್ ಬಾ ಕಣವ್ವ," ಎಂದರು.

ಈಗಲೂ ಮಾಡುತ್ತೇನೆ. ಪ್ರತಿ ಸಲವೂ ಅವರು ಎದ್ದು ನಿಲ್ಲುತ್ತಾರೆ.